ಸಣ್ಣ ಸಂಕಲ್ಪ, ತುಂಬಿದ ವೇಳಾಪಟ್ಟಿ

1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದಲು ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ ಅಲ್ಲಿ ಮೊದಲು ಹಾಕಿಕೊಂಡದ್ದು ಜಂಟಲ್‌ಮನ್ ಆಗುವ ಯೋಜನೆ. ಹತ್ತೊಂಬತ್ತು ಶಿಲ್ಲಿಂಗ್ ಕೊಟ್ಟು ಎತ್ತರದ ಟೋಪಿ ಕೊಂಡರು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡ್ ಸುರಿದು ಸೂಟು ಹೊಲಿಸಿದರು. ಊರಿನಲ್ಲಿದ್ದ ಅಣ್ಣನಿಗೆ ಬರೆದು ಗಡಿಯಾರಕ್ಕೆ ಚಿನ್ನದ ಜೋಡಿ ಸರಪಳಿ ತರಿಸಿಕೊಂಡರು. ಟೈ ಸರಿಮಾಡಿ ಬೈತಲೆ ತೆಗೆಯಲು ದಿನಕ್ಕೆ ಹತ್ತು ನಿಮಿಷ ಕನ್ನಡಿಯ ಮುಂದೆ ಹೋಗುತ್ತಿತ್ತು. ಡಾನ್ಸ್ ಕ್ಲಾಸಿಗೆ ಮೂರು ಪೌಂಡ್ ಕಟ್ಟಿದರೂ ಪಿಯಾನೊ ತಾಳಕ್ಕೆ ಕಾಲು ಕೂಡಿಬರಲಿಲ್ಲ. ಕಿವಿಯಾದರೂ ಪಳಗಲಿ ಎಂದು ಮತ್ತೆ ಮೂರು ಪೌಂಡಿಗೆ ಪಿಟೀಲು ಬಂತು. ಹೆಚ್ಚುಕಡಿಮೆ ಮೂರು ತಿಂಗಳಲ್ಲಿ ಆ ಹುಚ್ಚು ಇಳಿಯಿತು.

ಆಮೇಲಿನ ಯೋಜನೆ ಕಣ್ಣಿಗೆ ಬೀಳುವಂಥದ್ದೇ ಅಲ್ಲ. ಬಸ್ ಚಾರ್ಜು, ಅಂಚೆ ಖರ್ಚು, ಪತ್ರಿಕೆಗೆ ಕೊಟ್ಟ ಪುಡಿಗಾಸು, ಎಲ್ಲವನ್ನೂ ಬರೆದಿಟ್ಟು ರಾತ್ರಿ ಮಲಗುವ ಮುಂಚೆ ಲೆಕ್ಕ ಕೂಡಿಸಬೇಕು. ಕೆಲಸದ ಜಾಗಕ್ಕೆ ನಡೆದೇ ಹೋಗಬಹುದಾದಲ್ಲಿ ಕೋಣೆ ಹಿಡಿಯಬೇಕು. ಇದರಿಂದ ಗಾಡಿ ಖರ್ಚು ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆಯೂ ಆಯಿತು. ಮುಂದೆ ಒಂದೇ ಕೋಣೆಗೆ ಬದಲಾಯಿಸಿ, ಸ್ಟೌ ಇಟ್ಟುಕೊಂಡು ಬೆಳಗ್ಗೆ ಓಟ್ಸ್ ಗಂಜಿ ಕಾಯಿಸಿಕೊಂಡರು. ಊಟತಿಂಡಿಯ ಖರ್ಚು ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ನಿಗೆ ಇಳಿಯಿತು. ಲಂಡನ್ ಮೆಟ್ರಿಕ್ಯುಲೇಷನ್ನಿನಲ್ಲಿ ಮೊದಲ ಸಲ ಕೈಕೊಟ್ಟಿದ್ದ ಲ್ಯಾಟಿನ್ ಎರಡನೇ ಸಲ ಪಾಸಾಯಿತು. ಈ ಬದಲಾವಣೆಯಿಂದ ತಮ್ಮ ಆನಂದಕ್ಕೆ ಎಲ್ಲೆಯೇ ಇರಲಿಲ್ಲ ಎಂಬರ್ಥದ ಮಾತು ಅವರ ಆತ್ಮಕಥೆಯಲ್ಲಿದೆ. ಬಡತನವನ್ನು ಹೊಗಳಲು ಈ ಕಥೆ ಹೇಳುವವರಿದ್ದಾರೆ. ಇಲ್ಲಿ ಅದು ಬೇಡ. ಮೊದಲ ಯೋಜನೆ ಗೆದ್ದಿತೋ ಸೋತಿತೋ ಹೇಳಬೇಕಾದವರು ನೋಡುವವರು. ಎರಡನೆಯದರ ತೀರ್ಪು ರಾತ್ರಿ ಲೆಕ್ಕದ ಪುಸ್ತಕ ಮುಚ್ಚುವಾಗ ವಿದ್ಯಾರ್ಥಿಗೇ ಸಿಗುತ್ತಿತ್ತು.

ಈಗಿನ ಹಾಸ್ಟೆಲ್ ಕೋಣೆಗಳ ಗೋಡೆಗೆ ಜನವರಿಯಲ್ಲಿ ಅಂಟುವ ಪಟ್ಟಿಗಳು ಹೆಚ್ಚಾಗಿ ಮೊದಲ ಜಾತಿಯವು. ಬೆಳಗ್ಗೆ ಐದಕ್ಕೆ ಏಳುವುದು, ಜಿಮ್, ಧ್ಯಾನ, ಮೊಬೈಲ್ ಬಂದ್, ಇಂಗ್ಲಿಷ್ ಪೇಪರ್ ಓದು, ಕೊನೆಗೆ ‘ಸದಾ ಪಾಸಿಟಿವ್ ಆಗಿರುವುದು’. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವ ಹೊತ್ತಿಗೆ ಪಟ್ಟಿಯ ಆಯುಸ್ಸೂ ಮುಗಿದಿರುತ್ತದೆ. ಆಗ ಹುಡುಗ ಹುಡುಗಿಯರು ಬೈದುಕೊಳ್ಳುವುದು ತಮ್ಮ ಮನೋಬಲವನ್ನೇ ಹೊರತು ಪಟ್ಟಿಯನ್ನಲ್ಲ.

ಬೈಯಬೇಕಾದದ್ದು ಪಟ್ಟಿಯನ್ನೇ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಮತ್ತು ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರಿಸ್‌ಮಸ್ ರಜೆಗೆ ಹೊರಟ ವಿದ್ಯಾರ್ಥಿಗಳಿಗೊಂದು ಕೆಲಸ ಕೊಟ್ಟಿದ್ದರು: ಹಬ್ಬದ ಸಂಜೆ ಹೇಗೆ ಕಳೆಯಿತೆಂದು ಎರಡು ದಿನದೊಳಗೆ ಬರೆದು ಕಳಿಸಬೇಕು. ಎಲ್ಲಿ ಕೂತು, ಯಾವಾಗ ಬರೆಯುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಮುಕ್ಕಾಲು ಪಾಲು ಮಂದಿ ಹೇಳಿದ ಹೊತ್ತಿಗೆ ಬರೆದರು. ಸುಮ್ಮನೆ ‘ಬರೆಯುತ್ತೇವೆ’ ಎಂದವರಲ್ಲಿ ಬರೆದವರು ಮೂರರಲ್ಲೊಂದು ಭಾಗ. ‘ಮನೆಯವರ ಜೊತೆ ಹೆಚ್ಚು ಮಾತಾಡಬೇಕು’ ಎಂಬುದು ಒಳ್ಳೆಯ ಆಸೆ, ಅಷ್ಟೆ. ‘ಮೆಸ್ಸಿನಿಂದ ಬಂದು ತಟ್ಟೆ ತೊಳೆದಿಟ್ಟ ಕೂಡಲೇ ಅಮ್ಮನಿಗೆ ಫೋನ್’ ಎಂದರೆ ಕೆಲಸ ನಡೆಯುತ್ತದೆ. ‘ಮೊಬೈಲ್ ಕಡಿಮೆ ಮಾಡಬೇಕು’ ಎಂದು ಹತ್ತು ಸಲ ಬರೆಯುವುದಕ್ಕಿಂತ ದಿಂಬಿನ ಪಕ್ಕದ ಚಾರ್ಜರನ್ನು ಕಿತ್ತು ಬಾಗಿಲ ಬಳಿಯ ಪ್ಲಗ್ಗಿಗೆ ಹಾಕುವುದು ಮೇಲು. ನಡುರಾತ್ರಿ ರೀಲ್ಸ್ ನೋಡಬೇಕೆನಿಸಿದರೆ ಎದ್ದು ಹೋಗಬೇಕಲ್ಲ!

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಈಗಲೂ ಓಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ತಂಡ 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕವೇ ಬೇರೆ. ಒಂದು ಅಭ್ಯಾಸ ಮೈಗೂಡಲು ಸುಮಾರು 66 ದಿನ. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅದರಲ್ಲೇ ಇದೆ. ಇಂಟರ್ನಲ್ಸ್ ವಾರದಲ್ಲಿ ವಾಕಿಂಗ್ ತಪ್ಪಿತೆಂದು ಇಡೀ ಯೋಜನೆಯನ್ನು ಕಸದ ಬುಟ್ಟಿಗೆ ಹಾಕುವವರಿಗೆ ಇದನ್ನು ಓದಿ ಹೇಳಬೇಕು.

ವಿದ್ಯಾರ್ಥಿಯ ಖುಷಿಯನ್ನು ಪಾಠವಾಗಿಸಿದ ಹೆಸರಾಂತ ಪ್ರಯೋಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ್ದು. 2018ರಲ್ಲಿ ಪ್ರಾಧ್ಯಾಪಕಿ ಲಾರಿ ಸ್ಯಾಂಟೋಸ್ ಒಳ್ಳೆಯ ಬದುಕಿನ ಮನಶ್ಶಾಸ್ತ್ರದ ಕೋರ್ಸ್ ತೆರೆದಾಗ ಸುಮಾರು 1,200 ಮಂದಿ ಸೇರಿದರು. ಎಂದರೆ ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು! ಹೋಂವರ್ಕ್ ಕೂಡ ನಮ್ಮ ಅಜ್ಜಿಯಂದಿರು ಪುಕ್ಕಟೆ ಹೇಳುವಂಥದ್ದೇ: ಚೆನ್ನಾಗಿ ನಿದ್ದೆ ಮಾಡು, ಉಪಕಾರ ನೆನೆ, ಜನರ ಜೊತೆ ಮಾತಾಡು. ವ್ಯತ್ಯಾಸವೆಂದರೆ ಅದನ್ನು ವಾರವಾರ ಮಾಡಿ ನೋಡಬೇಕಿತ್ತು. ಒಂದು ದಿನ ಆಕೆ ತರಗತಿಯನ್ನೇ ರದ್ದು ಮಾಡಿ, ಆ ಹೊತ್ತಿನಲ್ಲಿ ಯಾರೂ ಓದಕೂಡದು ಎಂದು ತಾಕೀತು ಮಾಡಿದರು. 2022ರಲ್ಲಿ ಸ್ಯಾಂಟೋಸ್ ಅವರೇ ದಣಿವಿನಿಂದಾಗಿ ತಮ್ಮ ಜವಾಬ್ದಾರಿಗಳಿಂದ ರಜೆ ತೆಗೆದುಕೊಂಡರು. ಇದನ್ನು ಕೇಳಿ ನಕ್ಕವರುಂಟು. ನಗಬೇಕಾಗಿಲ್ಲ, ಅಷ್ಟೆಲ್ಲ ತಿಳಿದವರಿಗೂ ಕೆಲಸದ ಹೊರೆ ಹೊರೆಯೇ.

ಮಕ್ಕಳ ಸಣ್ಣ ಸಂಕಲ್ಪಗಳ ಬಗ್ಗೆ ಭಾಷಣ ಮಾಡುವವರು ತಪ್ಪಿಸಿಕೊಂಡು ಹೋಗುವುದು ಇಲ್ಲೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಇಂಥ ಸಂಕಟಕ್ಕೆ ಡೈರಿ, ವಾಕಿಂಗ್ ಮದ್ದಲ್ಲ. ವಾರಗಟ್ಟಲೆ ನಿದ್ದೆ ಬಾರದ, ಊಟ ಸೇರದ, ಬದುಕೇ ಬೇಡವೆನಿಸಿದ ಹುಡುಗನಿಗೆ ‘ಪಾಸಿಟಿವ್ ಆಗಿರಪ್ಪ’ ಎನ್ನುವ ಬದಲು ಪಕ್ಕದಲ್ಲಿ ಕೂತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಬೇಕು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಸೇವೆಯ ರಾಷ್ಟ್ರಮಟ್ಟದ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು.

ಉಳಿದ ದಿನಗಳ ಮಾತು ಬೇರೆ. ನೀಟ್, ಸಿಇಟಿ ಹೆಸರಿನಲ್ಲಿ ನಸುಕಿನಿಂದ ರಾತ್ರಿಯವರೆಗೆ ಸ್ಟಡಿ ಅವರ್ ಕೂಡಿಸುವ ಕಡೆ ಹುಡುಗಿಯೊಬ್ಬಳು ಏಳು ಗಂಟೆ ಮಲಗುತ್ತೇನೆಂದು ಸಂಕಲ್ಪ ಮಾಡಿದರೆ ಅದು ನಿಯಮಭಂಗವಾಗುತ್ತದೆ. ಸಂಜೆ ಅರ್ಧ ಗಂಟೆ ನಡೆಯುತ್ತೇನೆಂದರೆ ಗೇಟು ಮುಚ್ಚಿರುತ್ತದೆ. ಸ್ವಂತ ಯೋಜನೆಗೆ ಸ್ವಂತದ್ದೆನ್ನುವ ಒಂದಿಷ್ಟು ಹೊತ್ತಾದರೂ ಬೇಡವೇ? ಲಂಡನ್ನಿನ ಆ ವಿದ್ಯಾರ್ಥಿಗೆ ಕೋಣೆ ಎಲ್ಲಿ, ಊಟ ಏನು, ಹೋಗುವುದು ಹೇಗೆ ಎಂದು ತೀರ್ಮಾನಿಸುವ ಸ್ವಾತಂತ್ರ್ಯವಾದರೂ ಇತ್ತು. ಸಂತೋಷದ ಕಾರ್ಯಾಗಾರಕ್ಕೆ ಅತಿಥಿಗಳನ್ನು ಕರೆಸಿ ಶಾಲು ಹೊದಿಸುವ ಕಾಲೇಜುಗಳು ಅದಕ್ಕೂ ಮೊದಲು ತಾವೊಂದು ಸಂಕಲ್ಪ ಮಾಡಬಹುದು: ಪೋರ್ಷನ್ ಮುಗಿದಿಲ್ಲವೆಂದು ಎಷ್ಟೇ ಬೇಡಿದರೂ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಕೊಡುವುದಿಲ್ಲ ಎಂದು.