ಚಿಗರಿಯ ಹಾದಿಯೂ ಊರ ಗಾಯರಾಣವೂ

ಹಿಂಗಾರಿಯ ಬಿತ್ತಿಗೆ ಮುಗಿದು ಕಡಲೆಯು ಗೇಣುದ್ದ ಎದ್ದಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಒಕ್ಕಲಿಗರ ಬಾಯಲ್ಲಿ ಒಂದೇ ಮಾತು: ಚಿಗರಿಗಳು ಹೆಚ್ಚಾದವು, ಪೀಕು ಕೈಗೆ ಹತ್ತಲಾರದು. ಹಿಂಡು ಮೇಯ್ದು, ತುಳಿದು, ಹೊರಳಾಡಿ ಹೋದ ಹೊಲವನ್ನು ಕಂಡವರು ಈ ದೂರನ್ನು ಸುಳ್ಳೆನ್ನಲಾರರು. ಆದರೆ ಪ್ರಾಣಿಗಳ ಸಂಖ್ಯೆಯೊಂದೇ ಇದಕ್ಕೆ ಕಾರಣವೋ, ಅವು ತಿರುಗಾಡುವ ಹಾದಿಯು ಕಿರಿದಾದದ್ದೂ ಕಾರಣವೋ ಎಂಬುದನ್ನು ಗೌಡರೂ ಜಮೀನುದಾರರೂ ಶಾಂತಚಿತ್ತದಿಂದ ವಿಚಾರಿಸತಕ್ಕದ್ದು.

ಚಿಗರಿಯು ಅಡವಿಯ ಪ್ರಾಣಿಯಲ್ಲ, ಬಯಲಿನದು. ದೂರಕ್ಕೆ ಕಾಣುವ ಕಣ್ಣು, ವೇಗವಾಗಿ ಓಡುವ ಕಾಲು, ಇವೆರಡೇ ಅದಕ್ಕೆ ರಕ್ಷಣೆ. ಆದ್ದರಿಂದ ತನ್ನ ದೃಷ್ಟಿಗೆ ಅಡ್ಡವಾಗುವ ಎತ್ತರದ ಬೆಳೆಯೊಳಗೆ ಅದು ಮನಃಪೂರ್ವಕವಾಗಿ ಹೊಗುವದಿಲ್ಲ. ಭೀಮೆ ಕೃಷ್ಣೆಯರ ನಡುವಿನ ಎರೆಯ ಸೀಮೆಯು ಇಂಥ ಪ್ರಾಣಿಗೆ ತಕ್ಕದ್ದಾಗಿತ್ತು. ಮಳೆಗಾಲದಲ್ಲಿ ಹಿಂಗಾರಿಗಾಗಿ ಬಿಟ್ಟ ಎರೆ ಹೊಲಗಳು ತೆರೆದಿರುತ್ತಿದ್ದವು; ಜೋಳ ಎದ್ದು ನಿಂತ ಮೇಲೆ ಹಿಂಡುಗಳು ಮರಡಿಗೂ ಗಾಯರಾಣಕ್ಕೂ ಹಳ್ಳದ ದಂಡೆಗೂ ಸರಿಯುತ್ತಿದ್ದವು; ಸುಗ್ಗಿ ತೀರಿದೊಡನೆ ಕೂಳೆಯ ಹೊಲಗಳಿಗೆ ಮರಳುತ್ತಿದ್ದವು. ಒಕ್ಕಲಿಗನ ವರುಷವೂ ಚಿಗರಿಯ ವರುಷವೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿದ್ದವು. ಹಾನಿಯು ಆಗಲೂ ಇತ್ತು. ಆದರೆ ಅದು ಹಲವು ಊರುಗಳಿಗೆ ಹಂಚಿಹೋಗುತ್ತಿತ್ತು.

ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಬಳಿಕ ಬಂದ ನೀರು ಈ ಬರಗಾಲದ ನಾಡಿಗೆ ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯರು. ಆದರೆ ನೀರಿನೊಡನೆ ನೆಲದ ರೂಪವೂ ಬದಲಾಯಿತು. ಪಾಳು ಬೀಳುತ್ತಿದ್ದ ಎರೆಯಲ್ಲಿ ಈಗ ಕಬ್ಬು ನಿಂತಿದೆ. ನೀರಾವರಿಯಿಲ್ಲದಲ್ಲಿಯೂ ಮುಂಗಾರಿಗೆ ಬಿತ್ತಿದ ತೊಗರಿಯು ಚಳಿಗಾಲದ ವರೆಗೆ ಆಳೆತ್ತರ ನಿಲ್ಲುತ್ತದೆ. ಕಬ್ಬಿನ ಪಡವು ಕಾಡುಹಂದಿಗೆ ಮನೆಯಾಗುವದು. ಮಹಾರಾಷ್ಟ್ರದ ಜುನ್ನರ ಸೀಮೆಯಲ್ಲಿ ಚಿರತೆಯೇ ಕಬ್ಬಿನಲ್ಲಿ ಮರಿ ಹಾಕುತ್ತದೆ. ಚಿಗರಿಗೆ ಮಾತ್ರ ಅದು ಗೋಡೆ. ಇನ್ನು ಇಬ್ಬದಿಗೂ ನುಣ್ಣಗೆ ಗಿಲಾವು ಮಾಡಿದ ಕಾಲಿವೆಯಲ್ಲಿ ಜಾರಿ ಬಿದ್ದ ಪ್ರಾಣಿಯು ಮೇಲೆ ಹತ್ತಿ ಬರುವದು ಕಠಿಣ.

ಉಳಿದ ಬಯಲನ್ನು ಈಗ ಬೇಲಿಗಳು ಕಡಿಯುತ್ತಿವೆ, ಹೆಚ್ಚಿನ ಅನ್ಯಾಯವು ನಡೆಯುವದೂ ಇಲ್ಲಿಯೇ. ದೊಡ್ಡ ಹಿಡುವಳಿದಾರನು ತನ್ನ ದ್ರಾಕ್ಷಿ, ಲಿಂಬೆಯ ತೋಟಗಳಿಗೆ ತಂತಿ ಹಾಕಿಸುತ್ತಾನೆ. ಅದು ಅವನ ಹಕ್ಕು. ಆದರೆ ಆ ತಂತಿಯು ಹಿಂಡನ್ನು ಇಲ್ಲವಾಗಿಸುವದಿಲ್ಲ. ಪಕ್ಕದ ಹೊಲಕ್ಕೆ ತಿರುಗಿಸುತ್ತದೆ. ಮೂರು ಕಡೆ ಬೇಲಿಯಾದ ಮೇಲೆ ನಾಲ್ಕನೆಯ ಕಡೆಯ ಹೊಲವು ಯಾರದು? ಬಹುಮಟ್ಟಿಗೆ ಕಾಲಿವೆಯ ನೀರು ಮುಟ್ಟದ, ನಾಲ್ಕೆಂಟು ಎಕರೆಯ ಒಣ ಬೇಸಾಯದವನದು. ಹತ್ತು ಊರುಗಳಿಗೆ ಹಂಚಿಹೋಗಬೇಕಾದ ನಷ್ಟವನ್ನು ಅವನೊಬ್ಬನೇ ಹೊರುತ್ತಾನೆ. ಹೊಲಕ್ಕೆ ವಿದ್ಯುತ್ತಿನ ಕಂಬದಿಂದ ನೇರವಾಗಿ ಪ್ರವಾಹ ಬಿಡುವದಂತೂ ಅಪರಾಧವು; ಆ ತಂತಿಯು ಚಿಗರಿಯನ್ನೂ ನೀರು ಹಾಯಿಸಲು ಹೋದ ಆಳನ್ನೂ ಬೇರೆಯೆಂದು ಅರಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿ ಚಿಗರಿಯು ಸೇರಿರುವದರಿಂದ ಅದನ್ನು ಕೊಂದವನು ಸೆರೆಮನೆಯನ್ನು ಕಾಣಬೇಕಾದೀತು.

ಹಾಗಾದರೆ ಅಭಯಾರಣ್ಯವೊಂದೇ ಉಪಾಯವೆಂದು ಕೆಲವರು ಹೇಳುವರು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಚಿಗರಿಗಳಿಗಾಗಿಯೇ ಅಭಯಾರಣ್ಯವಾಯಿತು. ಆದರೆ ಅಲ್ಲಿಯ ಬಹಳಷ್ಟು ನೆಲದಲ್ಲಿ ನೀಲಗಿರಿಯ ನೆಡುತೋಪು ಬೆಳೆದದ್ದರಿಂದ, ಹುಲ್ಲು ಸಾಲದೆ, ಹಿಂಡುಗಳು ಸುತ್ತಲಿನ ಹೊಲಗಳಿಗೇ ಬರುತ್ತ ಹೋದವು. ಗಾಯರಾಣವನ್ನು ಬರಿದೆ ಬಿದ್ದ ನೆಲವೆಂದು ತಿಳಿದು ಸಸಿ ನೆಟ್ಟು ತುಂಬಿಸಲು ಆತುರಪಡುವ ಪಂಚಾಯತಿಗಳು ಇದನ್ನು ಲಕ್ಷ್ಯದಲ್ಲಿಡಬೇಕು. ಹುಲ್ಲೇ ಅಲ್ಲಿಯ ಬೆಳೆ. ಅದನ್ನು ಊರ ದನಗಳೂ ಕುರುಬರ ಕುರಿಗಳೂ ಮೇಯುತ್ತವೆ.

ಆದುದರಿಂದ ಗಾಯರಾಣದ ಒತ್ತುವರಿಯನ್ನು ತೆರವು ಮಾಡಿಸುವದು ಮೊದಲ ಕೆಲಸ. ಎರಡನೆಯದು, ಒಂದು ಊರ ಗಾಯರಾಣದಿಂದ ಮುಂದಿನ ಊರ ಮರಡಿಯ ವರೆಗೆ ಹಳ್ಳದ ದಂಡೆಯನ್ನು ಉಳದೆ, ಬೇಲಿಯಿಲ್ಲದೆ ಬಿಡುವದು. ಇದು ಒಂದೇ ಊರಿನಿಂದ ಆಗತಕ್ಕ ಮಾತಲ್ಲ. ನೆರೆಹೊರೆಯ ಗೌಡರು ಕೂಡಿ ಕುಳಿತು ಒಪ್ಪಬೇಕು. ತಾಲೂಕುಗಳು ಒಡೆದು ಚಡಚಣ, ತಾಳಿಕೋಟಿ, ನಿಡಗುಂದಿ ಎಂದು ಹೊಸವು ಆಗಿದ್ದರೂ ಚಿಗರಿಗೆ ಆ ಗಡಿಗಳು ತಿಳಿಯವು! ಕಾಲಿವೆಯ ದುರಸ್ತಿಯಾಗುವಾಗ ಅಲ್ಲಲ್ಲಿ ಇಳಿಜಾರಾದ ಏರುದಾರಿಗಳನ್ನು ಕಟ್ಟಿಸಬೇಕೆಂದು ನೀರಾವರಿ ಖಾತೆಗೆ ಬರೆದುಕೊಳ್ಳಬೇಕು. ಹೊಲದ ಅಂಚಿಗೆ ಮುಳ್ಳು ಕುಸುಬೆಯ ನಾಲ್ಕು ಸಾಲು ಹಾಕುವ ಹಿರಿಯರ ಪದ್ಧತಿಯು ಹಸಿದ ಹಿಂಡನ್ನು ಪೂರ್ಣವಾಗಿ ತಡೆಯಲಾರದು, ಆದರೂ ಅದನ್ನು ಬಿಟ್ಟದ್ದು ತಪ್ಪು. ಎಣ್ಣೆಕಾಳಾದರೂ ಮನೆಗೆ ಬರುತ್ತಿತ್ತು.

ಹಿಂಡುಗಳು ಯಾವ ತಿಂಗಳಲ್ಲಿ ಯಾವ ಸರ್ವೆ ನಂಬರಿನ ಮೇಲೆ ಹಾಯುತ್ತವೆಂಬುದು ಕುರಿ ಕಾಯುವವರಿಗೆ ಚೆನ್ನಾಗಿ ಗೊತ್ತು. ಹಿಂಗಾರಿಯ ಬಿತ್ತಿಗೆಗೆ ಮುಂಚೆ ಅವರನ್ನು ಚಾವಡಿಗೆ ಕರೆದು ಊರ ನಕಾಶೆಯನ್ನು ಹರವಿ ಆ ಹಾದಿಗಳನ್ನು ಅದರ ಮೇಲೆ ಗುರುತು ಹಾಕಿಸತಕ್ಕದ್ದು.