ತಮ್ಮ ತರುವಾಯದ ದಾಸೋಹ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಿಂದ ಹಿರಿಯ ಗೃಹಸ್ಥರೊಬ್ಬರು ಕೇಳಿದ್ದಾರೆ: “ನನ್ನ ಸ್ವಯಾರ್ಜಿತ ಎರಡೆಕರೆ ನನ್ನ ತರುವಾಯ ಬಡಮಕ್ಕಳ ವಿದ್ಯಾರ್ಥಿನಿಲಯಕ್ಕೆ ಸಲ್ಲಲೆಂದು ಮನೆಯವರಿಗೆ ಹೇಳಿದ್ದೇನೆ. ಸಾಲದೇ?”

ಸಾಲದು. ಬೆಂಗಳೂರು ಬೆಳೆದು ಬಂದು ಗುಂಟೆಗುಂಟೆಗೂ ಬೆಲೆಯೇರಿರುವ ಆ ಸೀಮೆಯಲ್ಲಿ ಬಾಯಿಮಾತು ಹೇಳಿದವರೊಡನೆಯೇ ಮಣ್ಣಾಗುತ್ತದೆ.

ಶಿರಸಂಗಿ ಲಿಂಗರಾಜರು ಇದನ್ನು ಬಲ್ಲವರು. 1861ರಲ್ಲಿ ಶಿಗ್ಲಿಯಲ್ಲಿ ಜನಿಸಿ, ಶಿರಸಂಗಿ ದೇಸಗತಿಗೆ ದತ್ತಕರಾಗಿ ಬಂದ ಅವರು, 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಮೃತ್ಯುಪತ್ರ ಬರೆದು ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಕೊಡುವ ಮನಸ್ಸು ಅನೇಕ ದೇಸಾಯರಿಗೆ ಇದ್ದಿರಬಹುದು. ಬರೆದಿಟ್ಟವರ ದಾನ ಉಳಿಯಿತು.

ಸಂಪತ್ತು ದೇವರದು, ಮನುಷ್ಯ ಅದರ ಪಾರುಪತ್ಯಗಾರ ಮಾತ್ರ ಎಂಬ ಬೋಧೆ ಕ್ರೈಸ್ತರಲ್ಲಿಯೂ ಇದೆ. ಆದರೆ ಹತ್ತಿರದ ಬಂಧುಗಳುಳ್ಳ ಕ್ರೈಸ್ತರು ಧರ್ಮಕಾರ್ಯಕ್ಕೆ ಬರೆಯುವ ಉಯಿಲು ಮರಣಕ್ಕೆ ಹನ್ನೆರಡು ತಿಂಗಳಾದರೂ ಮೊದಲಿನದಾಗಿರಬೇಕೆಂದು 1925ರ ಉತ್ತರಾಧಿಕಾರ ಕಾಯಿದೆ ವಿಧಿಸಿತ್ತು. ಸಾವಿನ ಹಾಸಿಗೆಯ ಬಳಿ ದಾನ ಬೇಡುವವರ ಭಯ ಅದರ ಹಿಂದಿತ್ತು. ತಾರತಮ್ಯವೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಅದನ್ನು ರದ್ದುಗೊಳಿಸಿತು. ನಿಯಮ ಹೋಯಿತು, ಆ ಭಯ ನನಗಂತೂ ಹೋಗಿಲ್ಲ. ಮಠದ ಅನ್ನವುಂಡು ಬೆಳೆದವನಾಗಿಯೇ ಹೇಳುತ್ತೇನೆ: ಲೆಕ್ಕಪತ್ರ ತೋರಿಸಲು ಹಿಂಜರಿಯುವ ಸಂಸ್ಥೆಗೆ, ಅದು ಮಠವೇ ಆಗಲಿ, ಒಂದು ಗುಂಟೆಯನ್ನೂ ಬರೆಯಬೇಡಿ. ಮಡದಿಯನ್ನು ಪರರ ಮನೆಯ ಅನ್ನಕ್ಕೆ ಕಾಯುವಂತೆ ಮಾಡಿ ಕೊಟ್ಟದ್ದು ದಾಸೋಹವೆನಿಸದು.

ಇನ್ನು ವಿಧಾನ. ಸ್ವಯಾರ್ಜಿತವನ್ನು ಪೂರ್ಣವಾಗಿ ಬರೆಯಬಹುದು; ಪಿತ್ರಾರ್ಜಿತದಲ್ಲಿ ತಮ್ಮ ಪಾಲು ಮಾತ್ರ. 2005ರ ತಿದ್ದುಪಡಿಯಿಂದ ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಭಾಗವುಂಟು, ಮರೆಯಬಾರದು. ಉಯಿಲಿಗೆ ಛಾಪಾಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳ ರುಜು ಅವಶ್ಯ. ಲಾಭ ಪಡೆಯುವವರು ಸಾಕ್ಷಿಯಾಗದಿರುವುದು ಲೇಸು. ಬದುಕಿರುವವರೆಗೆ ಬದಲಿಸಬಹುದು. ಈಗಲೇ ಕೊಟ್ಟುಬಿಡುವುದಾದರೆ ದಾನಪತ್ರದ ನೋಂದಣಿ ಕಡ್ಡಾಯ, ಮನಸ್ಸು ಬದಲಾಯಿತೆಂದು ಅದನ್ನು ಹಿಂಪಡೆಯಲಾಗದು. ಹೊಲವನ್ನು ಸಂಸ್ಥೆಗೆ ಬರೆಯುವ ಮುನ್ನ ಭೂಸುಧಾರಣಾ ಕಾಯಿದೆಯನ್ನು ಬಲ್ಲ ವಕೀಲರನ್ನು ಕೇಳತಕ್ಕದ್ದು.

ಉಯಿಲಿನ ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದೇ ಕ್ಷೇಮ. ರಾಜಘಟ್ಟದ ಹಿರಿಯರಿಗೆ ದೊಡ್ಡಬಳ್ಳಾಪುರದ ಉಪನೋಂದಣಾಧಿಕಾರಿಗಳ ಕಚೇರಿ ದೂರವೇನಲ್ಲ. ಹೊರಡುವ ಹಿಂದಿನ ರಾತ್ರಿ ಮಕ್ಕಳನ್ನು ಕೂಡಿಸಿಕೊಂಡು ಕರಡನ್ನು ಓದಿ ಕೇಳಿಸಲಿ.