ಬೇಲಿಯೊಳಗೆ ಊರು ಹುಡುಕುವವರು

ವಿಲಾಸಿ ಹಡಗುಗಳಲ್ಲಿ ಲೋಕ ಸುತ್ತುವವರಿಗೆ ಈಗ ಬಿಸಿಲು, ಮರಳು, ಎಳನೀರು ಸಾಲದು. ಹಡಗು ನಿಂತ ಕಡೆ ಆ ನೆಲದ ಅಸಲಿ ಸಂಸ್ಕೃತಿಯೂ ಬೇಕು. ಆಸೆಯೇನೋ ಒಳ್ಳೆಯದೇ. ಆದರೆ ಹಡಗು ಎಷ್ಟೋ ಸಲ ಲಂಗರು ಹಾಕುವುದು ಕಂಪನಿಯೇ ಕೊಂಡ ಅಥವಾ ಗುತ್ತಿಗೆ ಹಿಡಿದ ಖಾಸಗಿ ಕಡಲತೀರದಲ್ಲಿ. ಊರಿನವರು ಒಳಗೆ ಬಾರದಂತೆ ಕಟ್ಟಿದ ಜಾಗದಲ್ಲಿ ನಿಂತು ಊರಿನವರ ಬದುಕು ತೋರಿಸಿ ಎಂದರೆ ಯಾರು ಏನು ತೋರಿಸಬೇಕು?

ನಾರ್ವೇಜಿಯನ್ ಕ್ರೂಸ್ ಲೈನ್ 1977ರಲ್ಲಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ಕೊಂಡು ಈ ದಾರಿ ತೆರೆಯಿತು. ಪಕ್ಕದ ಸಣ್ಣ ದ್ವೀಪ ರಾಯಲ್ ಕೆರಿಬಿಯನ್ ಕಂಪನಿಯ ಪಾಲಾಗಿ, ಕೊಕೊಕೇ ಎಂಬ ಹೊಸ ಹೆಸರು ಪಡೆಯಿತು. 2019ರಲ್ಲಿ ಅಲ್ಲಿ 135 ಅಡಿ ಎತ್ತರದ ನೀರಿನ ಜಾರುಬಂಡಿಯೂ ಎದ್ದಿತು. ಅಲ್ಲಿ ಸ್ಥಳೀಯರೆಂದರೆ ಪಾಳಿಯ ಮೇಲೆ ಬಂದುಹೋಗುವ ನೌಕರರು. ಹೈಟಿಯ ಲಬಾಡೀ ಇನ್ನೂ ವಿಚಿತ್ರ. 1986ರಿಂದ ಅದೇ ಕಂಪನಿಯ ಗುತ್ತಿಗೆಯಲ್ಲಿರುವ ಈ ತೀರಕ್ಕೆ ಬೇಲಿಯಿದೆ, ಕಾವಲಿದೆ. ಒಳಗೆ ಕರಕುಶಲ ವಸ್ತುಗಳ ಸಂತೆಯಿದೆ. ಅನುಮತಿ ಪಡೆದವರಷ್ಟೇ ಅಲ್ಲಿ ಅಂಗಡಿ ಹಾಕಬಹುದು. ಅದೇ ಹೆಸರಿನ ಹಳ್ಳಿ ಹತ್ತಿರದಲ್ಲೇ, ಬೇಲಿಯಾಚೆ. 2010ರ ಜನವರಿ 12ರ ಭೂಕಂಪದಲ್ಲಿ ಹೈಟಿಯ ರಾಜಧಾನಿ ನೆಲಸಮವಾದಾಗ, ಕೆಲವೇ ದಿನಗಳಲ್ಲಿ ಹಡಗು ಮತ್ತೆ ಲಬಾಡೀಗೆ ಬಂತು. ಪರಿಹಾರ ಸಾಮಗ್ರಿಯನ್ನೂ ತಂದಿತ್ತು, ಸುಳ್ಳು ಹೇಳಬಾರದು. ಆದರೂ ಒಂದೇ ದೇಶದ ಒಂದು ಕಡೆ ಹೆಣ ಎಣಿಸುವವರು, ಇನ್ನೊಂದು ಕಡೆ ಬಿಸಿಲಿಗೆ ಮೈಯೊಡ್ಡಿ ಮಲಗಿದವರು ಎಂದು ಜಗತ್ತು ಛೀಮಾರಿ ಹಾಕಿತು. ಬೇಲಿಯೊಳಗೆ ಮಲಗಿದವರಿಗೆ ಅಂದು ಹೈಟಿಯ ಅಸಲಿ ಬದುಕು ಬೇಕಿತ್ತೆಂದು ಯಾರೂ ಹೇಳಲಾರರು. 2024ರಲ್ಲಿ ಹೈಟಿಯ ಗಲಭೆ ಹೆಚ್ಚಿದಾಗ ಕಂಪನಿ ಹಡಗು ಕಳಿಸುವುದನ್ನೇ ಕೆಲಕಾಲ ನಿಲ್ಲಿಸಿತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ನೋಟ ಮಂಗಳೂರಿನದು. ಮಳೆಗಾಲ ಮುಗಿದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರು ಬಸ್ಸುಗಳಲ್ಲಿ ಹೊರಡುತ್ತಾರೆ: ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ, ಕದ್ರಿ, ಸೇಂಟ್ ಅಲೋಷಿಯಸ್ ಚಾಪೆಲ್, ಒಂದು ಗೇರುಬೀಜ ಕಾರ್ಖಾನೆ, ಮಾರುಕಟ್ಟೆ. ಸಂಜೆಗೆ ಹಡಗು ಹೊರಟೇಬಿಡುತ್ತದೆ. ಬಂದರಿನಲ್ಲಿ ಸ್ವಾಗತಕ್ಕೆ ಚೆಂಡೆ, ಯಕ್ಷಗಾನದ ವೇಷ.

ಈ ವೇಷ ನಕಲಿ ಎಂದು ಮೂಗು ಮುರಿಯುವವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಯಕ್ಷಗಾನ ಎಂದೂ ಹಣ ಮುಟ್ಟದ ಕಲೆಯಾಗಿರಲಿಲ್ಲ. ಹರಕೆಯ ಆಟಕ್ಕೆ ವೀಳ್ಯ ಕೊಡಬೇಕು, ಟೆಂಟಿನ ಮೇಳಗಳು ಟಿಕೆಟ್ ಹರಿದೇ ಬದುಕಿದವು. ಕಾಸು ಪಡೆದು ಕುಣಿದರೆ ಕಲೆ ಕೆಡುವುದಿಲ್ಲ. ಆದರೆ ಬಂದರಿನಲ್ಲಿ ನಿಂತ ವೇಷಕ್ಕೆ ಭಾಗವತರಿಲ್ಲ, ಪ್ರಸಂಗವಿಲ್ಲ, ಎದುರುವೇಷವಿಲ್ಲ. ಮಾತನಾಡಬೇಕಾದ ಬಾಯಿ ಫೋಟೊಗೆ ನಗಬೇಕು. ಯಕ್ಷಗಾನ ಇದನ್ನು ತಡೆದುಕೊಂಡೀತು. ದೈವಾರಾಧನೆಯ ಭೂತಕೋಲ ತಡೆದುಕೊಳ್ಳದು. 'ಕಾಂತಾರ' ಸಿನಿಮಾ ಬಂದ 2022ರ ಬಳಿಕ ದೈವದ ವೇಷವನ್ನು ಕಂಡಕಂಡ ವೇದಿಕೆಗೆ ಏರಿಸುವ ಚಪಲದ ವಿರುದ್ಧ ತುಳುನಾಡಿನವರು ದನಿಯೆತ್ತಿದ್ದು ಸರಿಯಾಗಿಯೇ ಇದೆ. ತೋರಿಸಬಹುದಾದದ್ದು ಯಾವುದು, ತೋರಿಸಬಾರದ್ದು ಯಾವುದು ಎಂಬ ತೀರ್ಮಾನ ಅದನ್ನು ನಡೆಸುವವರದು. ಟೂರ್ ಏಜೆಂಟರಿಗೆ ಅದರಲ್ಲಿ ಪಾಲಿಲ್ಲ.

ಹಡಗಿನಿಂದ ಇಳಿದ ಪ್ರವಾಸಿಗೆ ನಿಜವಾಗಿ ಏನಾದರೂ ದಕ್ಕುವುದಿದ್ದರೆ ಮೀನು ಮಾರುಕಟ್ಟೆಯಲ್ಲಿ. ಅಲ್ಲಿ ಯಾರೂ ಅವನಿಗಾಗಿ ಬುಟ್ಟಿ ಇಳಿಸಿಲ್ಲ. ಬಂಗುಡೆಯ ದರಕ್ಕೆ ಚೌಕಾಸಿ ಮಾಡುವ ಹೆಂಗಸಿಗೆ ಅವನ ಕ್ಯಾಮೆರಾ ಒಂದು ಅಡ್ಡಿ, ಅಷ್ಟೇ. ಗೇರುಬೀಜ ಸುಲಿಯುವ ಹೆಂಗಸರ ಸಾಲನ್ನೂ ಹೀಗೆಯೇ ನೋಡಬಹುದು; ದಿನಗೂಲಿ ಎಷ್ಟೆಂದು ಯಾರಾದರೂ ಗೈಡನ್ನು ಕೇಳುತ್ತಾರೋ ಏನೋ.

ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಾಣುವ ಕಲಬುರಗಿಯ ಬ್ರಹ್ಮಪುರದಲ್ಲಿ ಕೂತು ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ಹಳಿಯ ಮೇಲೂ ಒಂದು ವಿಲಾಸಿ ಹಡಗಿದೆ: 2008ರಲ್ಲಿ ಓಡತೊಡಗಿದ 'ಗೋಲ್ಡನ್ ಚಾರಿಯಟ್', ಹಂಪಿಯ ಕಲ್ಲಿನ ರಥದ ಹೆಸರು ಹೊತ್ತ ರೈಲು. ಅದರ ಬೋಗಿಗಳಿಗೆ ರಾಜಮನೆತನಗಳ ಹೆಸರು. ಒಂದು ರಾಷ್ಟ್ರಕೂಟ, ಇನ್ನೊಂದು ಬಹಮನಿ. ರಾಷ್ಟ್ರಕೂಟರ ರಾಜಧಾನಿ ನಮ್ಮ ಜಿಲ್ಲೆಯ ಮಳಖೇಡ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯದ ಮೊದಲ ರಾಜಧಾನಿ ಇದೇ ಕಲಬುರಗಿ. ರೈಲು ಮೈಸೂರಿಗೆ ಹೋಗುತ್ತದೆ, ಹಂಪಿಗೆ, ಬಾದಾಮಿ–ಪಟ್ಟದಕಲ್ಲಿಗೆ, ಗೋವೆಗೂ ಹೋಗುತ್ತದೆ. ಹೆಸರು ಕೊಟ್ಟ ಮನೆತನಗಳ ಈ ಎರಡು ಊರುಗಳ ಕಡೆ ಮುಖ ಹಾಕುವುದಿಲ್ಲ. ಮುಂಬೈ–ಚೆನ್ನೈ ಹಳಿ ನಮ್ಮ ಊರಿನ ಮೇಲೆಯೇ ಹಾದುಹೋಗಿದೆ, 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣವೂ ತೆರೆದಿದೆ. ದಾರಿ ಇಲ್ಲವೆಂಬ ನೆಪ ನಡೆಯದು.

ಕಲ್ಯಾಣ ಕರ್ನಾಟಕವನ್ನು ಕಡೆಗಣಿಸಿದ ಹಳೆಯ ದೂರಿಗೆ ಇದನ್ನೂ ಸೇರಿಸಿ ಸುಮ್ಮನಾಗಬಹುದು. ಆದರೆ ರೈಲು ಬಂದರೆ ಹೇಗೆ ಬರಬೇಕು ಎಂಬುದನ್ನು ನಾವು ಈಗಲೇ ಹೇಳದಿದ್ದರೆ, ನಾಳೆ ಹೊರವಲಯದ ಯಾವುದೋ ರೆಸಾರ್ಟಿನಲ್ಲಿ ಒಂದು 'ಸಾಂಸ್ಕೃತಿಕ ಗ್ರಾಮ' ಏಳುತ್ತದೆ. ಇಳಕಲ್ ಸೀರೆ ಉಟ್ಟ ನಾಲ್ವರು ಹುಡುಗಿಯರು ಆರತಿ ಎತ್ತುತ್ತಾರೆ, ಒಬ್ಬಾಕೆ ರೊಟ್ಟಿ ಬಡಿದು ತೋರಿಸುತ್ತಾಳೆ, ಮೂರು ತಾಸಿನಲ್ಲಿ ಎಲ್ಲರೂ ಬಸ್ಸು ಹತ್ತುತ್ತಾರೆ. ಲಬಾಡೀಗೂ ಅದಕ್ಕೂ ನಡುವೆ ಉಳಿಯುವ ವ್ಯತ್ಯಾಸ ಉಪ್ಪುನೀರೊಂದೇ.

ಮೂರು ತಾಸಿನಲ್ಲಿ ಕಲ್ಲು ನೋಡಬಹುದು. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ, ಬಯಲಂಗಳವಿಲ್ಲದೆ ಇಡಿಯಾಗಿ ಚಾವಣಿ ಹೊದ್ದ ಆ ಅಪರೂಪದ ಕಟ್ಟಡ, ಯಾರು ಯಾವಾಗ ಬಂದರೂ ಹಾಗೇ ನಿಂತಿರುತ್ತದೆ. ಜನರ ನಡೆ ಹಾಗಲ್ಲ. ಅರಳಗುಂಡಗಿಯಿಂದ ಬಂದು ದಾಸೋಹವನ್ನೇ ಬದುಕಾಗಿಸಿಕೊಂಡು 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ತೇರು ಎಳೆಯುವುದು ಹೋಳಿ ಹುಣ್ಣಿಮೆಯಾಗಿ ಐದನೇ ದಿನ. ಸೂಫಿ ಸಂತ ಖ್ವಾಜಾ ಬಂದೇನವಾಜರ ಉರುಸು ಚಾಂದ್ರಮಾನದ ಲೆಕ್ಕದ್ದು. ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ. ಯಾವ ಹಡಗಿನ, ಯಾವ ರೈಲಿನ ವೇಳಾಪಟ್ಟಿಗೂ ಇವು ಸರಿದು ಜಾಗ ಕೊಡುವುದಿಲ್ಲ. ಬರುವವರೇ ಇವುಗಳ ಪಂಚಾಂಗ ನೋಡಿಕೊಂಡು ಬರಬೇಕು.

ಬೇಲಿ ಹಾಕದೆಯೂ ಗಳಿಕೆ ಉಂಟು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣು ಹುಮನಾಬಾದ್ ರಸ್ತೆಯ ಬದಿಯಲ್ಲಿ ಸಿಗುತ್ತದೆ. ಮಾಮೂಲಿ ಬಾಳೆಗಿಂತ ದರ ಹೆಚ್ಚು, ಬೆಳೆ ಬರಲು ಕಾಲವೂ ಹೆಚ್ಚು. ಗಾಡಿ ನಿಲ್ಲಿಸಿ, ಒಂದು ಚಿಪ್ಪು ಕೊಂಡು, ತೋಟ ಎಲ್ಲಿದೆ ಎಂದು ಕೇಳಿದವನಿಗೆ ಊರು ತಾನಾಗಿ ಬಾಯಿ ಬಿಡುತ್ತದೆ. ಹಣವೂ ನೇರ ಬೆಳೆದವನ ಕೈಗೆ. ಸ್ವಸಹಾಯ ಗುಂಪುಗಳ ಹೆಂಗಸರು ಬಡಿಯುವ ಜೋಳದ ರೊಟ್ಟಿ 'ಕಲಬುರಗಿ ರೊಟ್ಟಿ'ಯಾಗಿ ಮಾರುಕಟ್ಟೆಗೆ ಇಳಿದಿದೆ. ಆ ಹೆಂಗಸರನ್ನು ಪ್ರದರ್ಶನಕ್ಕೆ ಕೂಡಿಸುವ ಬದಲು ಅವರ ಮನೆಯಲ್ಲೇ ಊಟಕ್ಕೆ ದರ ಗೊತ್ತುಮಾಡಿ ಕೊಡಿಸಿದರೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಯಾವ ನಟನೆಯೂ ಇಲ್ಲದೆ ತಟ್ಟೆಗೆ ಬರುತ್ತವೆ.

ಪ್ರವಾಸೋದ್ಯಮ ಇಲಾಖೆ ಮಾಡಬೇಕಾದ ಕೆಲಸ ಬಲು ಸಾದಾ. ಜಾತ್ರೆ, ಉರುಸುಗಳ ದಿನಾಂಕವನ್ನು ವರ್ಷ ಮೊದಲೇ ಪ್ರಕಟಿಸಬೇಕು. ಊರಿನ ಹುಡುಗ–ಹುಡುಗಿಯರನ್ನು ಗೈಡುಗಳಾಗಿ ತಯಾರು ಮಾಡಿ ಸರಿಯಾದ ಸಂಬಳ ಕೊಡಬೇಕು. ಕೋಟೆಯ ಬಳಿ, ಮಳಖೇಡದಲ್ಲಿ, ಹೆದ್ದಾರಿಯಲ್ಲಿ ಹೆಣ್ಣುಮಕ್ಕಳು ಅಂಜದೆ ಬಳಸಬಹುದಾದ ಶೌಚಾಲಯ ಕಟ್ಟಿ, ಕಟ್ಟಿದ್ದಕ್ಕೆ ಬೀಗ ಹಾಕದೆ ಇಡಬೇಕು.

ಬಹಮನಿ ಬೋಗಿಯನ್ನು ಕಲಬುರಗಿಗೆ ತರುವುದಾದರೆ ಹೋಳಿಯಾಗಿ ಐದನೇ ದಿನದ ಮುಂಜಾನೆ ತಂದು, ಮರುದಿನದವರೆಗೂ ಇಲ್ಲೇ ನಿಲ್ಲಿಸಲಿ. ಅಂದು ಸಂಜೆ ತೇರಿನ ಗದ್ದಲದಲ್ಲಿ ಎಸಿ ಬಸ್ಸು ಗುಡಿಯ ತನಕ ಬಾರದು, ನಡೆದೇ ಹೋಗಬೇಕು. ಜನ ತೇರಿಗೆ ಎಸೆಯುವ ಉತ್ತತ್ತಿ, ಬಾಳೆಹಣ್ಣು ಅತಿಥಿಗಳ ತಲೆಗೂ ಬೀಳಬಹುದು. ಕಂಪನಿ ಅದನ್ನೂ ಟಿಕೆಟ್ಟಿನಲ್ಲೇ ಬರೆದು ತಿಳಿಸಿರಲಿ.